ಒಬ್ಬನೇ ಕುಳಿತ ಪಂಕ್ತಿ

ಡಿಸೆಂಬರಿನ ಮೂರನೆಯ ವಾರದಲ್ಲಿ ಹೆಸರಘಟ್ಟ ರಸ್ತೆಯ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗಿದವೆಂದರೆ, ಚಿಕ್ಕಬಾಣಾವರದಲ್ಲಿ ನನ್ನನ್ನು ಬಲ್ಲವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಈ ಸಲವೂ ಹಬ್ಬಕ್ಕೆ ಒಬ್ಬರೇನಾ?" ಪ್ರಶ್ನೆಯಲ್ಲಿ ಅಕ್ಕರೆಯಿದೆ, ಅಕ್ಕರೆಯೊಳಗೆ ಒಂದು ತೀರ್ಪೂ ಇದೆ. ಕ್ರಿಸ್‌ಮಸ್ಸಿನ ಊಟವೆಂದರೆ ಮನೆ ತುಂಬಿದ ಊಟ, ಒಬ್ಬನೇ ಬಡಿಸಿಕೊಂಡು ಉಂಡದ್ದು ಹಸಿವಿಗಾದೀತೇ ಹೊರತು ಹಬ್ಬಕ್ಕಾಗದು ಎಂಬ ಆ ತೀರ್ಪನ್ನು, ಮಂಗಳೂರಿನ ಕಡೆಯಿಂದ ಬಂದು ಈ ಊರಿನಲ್ಲಿ ಹಲವು ಕ್ರಿಸ್‌ಮಸ್‌ಗಳನ್ನು ಒಬ್ಬಂಟಿಯಾಗಿ ಕಳೆದ ನಾನು ಒಪ್ಪಲಾರೆ. ಶುಶ್ರೂಷಾ ಕಾಲೇಜುಗಳೂ ಬಾಡಿಗೆಯ ಕೋಣೆಗಳೂ ಇಷ್ಟೊಂದಿರುವ ಊರಿನಲ್ಲಿ, ರಜೆ ದೊರೆಯದೆ, ಟಿಕೆಟ್ಟು ದೊರೆಯದೆ, ಅಥವಾ ಹೋಗಲು ಮನೆಯೇ ಉಳಿಯದೆ, ಆ ದಿನ ಒಲೆಯ ಮುಂದೆ ಒಂಟಿಯಾಗಿ ನಿಲ್ಲುವವರು ಎಷ್ಟೋ ಮಂದಿ. ಅವರ ಊಟವನ್ನು ಕುರಿತು ಮರುಕದ ಮಾತು ಬೇಕಾದಷ್ಟು ಕೇಳಿದ್ದೇನೆ. ವಿಮರ್ಶೆಯ ಮಾತನ್ನು ಕೇಳಿಲ್ಲ.

ಈ ಮರುಕಕ್ಕೆ ಸಾಹಿತ್ಯದ ಮುದ್ರೆಯೊತ್ತಿದವನು ಚಾರ್ಲ್ಸ್ ಡಿಕನ್ಸ್. 1843ರಲ್ಲಿ ಹೊರಬಂದ ಆತನ ‘ಎ ಕ್ರಿಸ್‌ಮಸ್ ಕ್ಯಾರಲ್’ ಓದುಗರಿಗೆ ಪರಿಚಿತವೇ ಆದ್ದರಿಂದ ಕಥೆಯನ್ನು ಹೇಳಹೋಗುವುದಿಲ್ಲ. ಹಬ್ಬದ ಹಿಂದಿನ ಸಂಜೆ ಜಿಪುಣ ಸ್ಕ್ರೂಜ್ ಒಬ್ಬನೇ ಉಂಡು ಬಂದು ಅಗ್ಗಿಷ್ಟಿಕೆಯ ಬಳಿ ಗಂಜಿಯ ಪಾತ್ರೆಯಿಟ್ಟುಕೊಂಡು ಕೂರುವುದನ್ನೂ, ಅವನ ಗುಮಾಸ್ತ ಕ್ರ್ಯಾಚಿಟ್ಟನ ಬಡ ಸಂಸಾರವು ಒಂದು ಹೆಬ್ಬಾತನ್ನು ಹಂಚಿ ತಿಂದು ಧನ್ಯವಾಗುವುದನ್ನೂ ಎದುರುಬದುರಾಗಿ ಇರಿಸಿ, ಒಂಟಿತನಕ್ಕೆ ಗಂಜಿ, ಬಳಗಕ್ಕೆ ಬಾತು ಎಂದು ಲೋಕವು ನಿರ್ಣಯಿಸಿಬಿಟ್ಟಿತು. ಆದರೆ ಆ ಸಂಜೆ ಉಣ್ಣುವಾಗ ಸ್ಕ್ರೂಜನ ಕಣ್ಣು ಎಲ್ಲಿತ್ತು? ಮೊದಲು ವೃತ್ತಪತ್ರಿಕೆಗಳ ಮೇಲೆ, ಆಮೇಲೆ ಬ್ಯಾಂಕಿನ ಲೆಕ್ಕದ ಪುಸ್ತಕದ ಮೇಲೆ. ಎದುರಿಗೆ ಹತ್ತು ಜನ ಕುಳಿತಿದ್ದರೂ ಆ ಊಟ ಕೆಡುತ್ತಿತ್ತು, ಏಕೆಂದರೆ ಉಣ್ಣುವವನೇ ಅಲ್ಲಿರಲಿಲ್ಲ. ಕ್ರ್ಯಾಚಿಟ್ಟರ ಮನೆಯಲ್ಲಾದರೋ ಬಾತು ಚಿಕ್ಕದೆಂದು ಬಲ್ಲ ಗೃಹಿಣಿ ಸೇಬಿನ ಗೊಜ್ಜನ್ನೂ ಅರೆದ ಆಲೂಗಡ್ಡೆಯನ್ನೂ ಅದಕ್ಕೆ ಆಸರೆಯಾಗಿ ನಿಲ್ಲಿಸಿದ್ದಾಳೆ. ಬಾತು ಬೇಕರಿಯವನ ಒಲೆಯಲ್ಲಿ ಬೆಂದಿದೆ. ಆ ಊಟವನ್ನು ಗೆಲ್ಲಿಸಿದ್ದು ಬಳಗವೆಂದು ಎಲ್ಲರೂ ಹೇಳುತ್ತಾರೆ. ಅದರಷ್ಟೇ ಪಾಲು ಯೋಜನೆಗೂ ಸಲ್ಲಬೇಕು, ಮತ್ತು ಯೋಜನೆಯು ಒಬ್ಬನಿಗೂ ಸಾಧ್ಯವಾದದ್ದು.

ಯೋಜನೆಯೆಂದೊಡನೆ ಇನ್ನೊಂದು ಪಂಥದವರು ಎದುರಾಗುತ್ತಾರೆ. ಇವರು ನನ್ನ ಪಕ್ಷದವರೆಂದು ಹೇಳಿಕೊಳ್ಳುವುದರಿಂದ ಇವರೊಡನೆ ವಾದಿಸುವುದು ಹೆಚ್ಚು ಕಷ್ಟ. ತುಂಬಿದ ಮನೆಯ ಔತಣದ ಒಂದೊಂದು ಭಕ್ಷ್ಯವನ್ನೂ ಎಂಟರಿಂದ ಭಾಗಿಸಿದರೆ ಸರಳವಾದ ಏಕಾಕಿಯ ಊಟ ಸಿದ್ಧವಾಯಿತೆಂಬುದು ಇವರ ಮತ. ಈ ಗಣಿತವನ್ನು ನಮ್ಮ ಹಬ್ಬದ ಮುಖ್ಯ ಭಕ್ಷ್ಯವಾದ ಹಂದಿಯ ಬಫಾತಿನ ಮೇಲೆಯೇ ಪರೀಕ್ಷಿಸಿ ನೋಡಬೇಕು. ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಸಿನಗಳನ್ನು ಕೂಡಿಸಿ ಮಾಡಿದ ಬಫಾತಿನ ಪುಡಿ, ಈರುಳ್ಳಿ, ಶುಂಠಿ, ಹಸಿಮೆಣಸು, ವಿನೆಗರು, ಉಪ್ಪು: ಇಷ್ಟನ್ನೂ ಮಾಂಸಕ್ಕೆ ಹಿಡಿಸಿ, ಎಣ್ಣೆಯ ಹಂಗಿಲ್ಲದೆ, ಮಾಂಸವು ತಾನೇ ಬಿಡುವ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಸಣ್ಣ ಉರಿಯ ಮೇಲೆ ಬೇಯಿಸುವುದು ಅದರ ಕ್ರಮ. ಎರಡು ಕಿಲೋವಿನ ಪಾಕವನ್ನು ಎಂಟರಿಂದ ಭಾಗಿಸಿ ಕಾಲು ಕಿಲೋ ಮಾಡಿದಿರೆನ್ನಿ. ಅದಕ್ಕೆ ಸರಿಯಾಗಿ ಅದೇ ಆಕಾರದ ಕಿರುಪಾತ್ರೆಯನ್ನು ಆರಿಸಿಕೊಂಡರೂ ಅದರ ಬಾಯಿಯ ಹರವು ಎಂಟನೆಯ ಒಂದು ಪಾಲಿಗೆ ಇಳಿಯುವುದಿಲ್ಲ, ನಾಲ್ಕನೆಯ ಒಂದು ಪಾಲಿಗೆ ನಿಲ್ಲುತ್ತದೆ. ಎಂದರೆ, ಇರುವ ರಸಕ್ಕೆ ಹೋಲಿಸಿದರೆ ಆವಿಯಾಗುವ ಮೇಲ್ಮೈ ಇಮ್ಮಡಿಯಾಯಿತು. ಮಾಂಸ ಮೃದುವಾಗುವ ಮೊದಲೇ ನೀರು ಇಂಗುತ್ತದೆ, ಮಸಾಲೆ ತಳ ಹಿಡಿಯುತ್ತದೆ. ಸೀದೀತೆಂದು ನೀರು ಹೊಯ್ದರೆ, ಕರಗಿದ ಆ ಅಲ್ಪ ಕೊಬ್ಬು ಅಷ್ಟು ನೀರನ್ನು ಮೈಗೂಡಿಸಿಕೊಳ್ಳಲಾರದೆ, ಬಫಾತು ಹೋಗಿ ಸಾರು ಉಳಿಯುತ್ತದೆ. ಎರಡು ವರ್ಷ ನಾನು ಈ ತಪ್ಪನ್ನೇ ಮಾಡಿ, ಆ ಸಾರನ್ನು ನನ್ನ ಒಂಟಿತನದ ರುಚಿಯೆಂದು ತಿಳಿದು ಉಂಡೆನು.

ಆದ್ದರಿಂದ ನನ್ನ ಮತವಿಷ್ಟು: ಸರಳತೆಗಾಗಿ ಭಕ್ಷ್ಯಗಳ ಸಂಖ್ಯೆಯನ್ನು ಇಳಿಸಬೇಕು, ಭಕ್ಷ್ಯದ ಗಾತ್ರವನ್ನು ಇಳಿಸಬಾರದು. ಅರ್ಧ ಕಿಲೋವಿಗಿಂತ ಕಡಿಮೆ ಬಫಾತು ಮಾಡಲೇಬಾರದು, ಮತ್ತು ಅದನ್ನಲ್ಲದೆ ಬೇರೇನನ್ನೂ ಮಾಡಬೇಕಾಗಿಲ್ಲ. ಉಳಿಯುವುದಿಲ್ಲವೇ ಎಂದರೆ, ಉಳಿಯಲೆಂದೇ ಮಾಡುವುದು. ಈ ಪಾಕವು ಒಲೆಯಿಂದ ಇಳಿದ ದಿನಕ್ಕಿಂತ ಮರುದಿನ ಹೆಚ್ಚು ರುಚಿಯೆಂಬುದನ್ನು ಕರಾವಳಿಯ ಪ್ರತಿಯೊಬ್ಬ ತಾಯಿಯೂ ಬಲ್ಲಳು. ಮನೆಯ ಔತಣವು ಪಂಕ್ತಿಯುದ್ದಕ್ಕೂ ಹರಡಿದರೆ ಒಬ್ಬನ ಔತಣವು ದಿನಗಳುದ್ದಕ್ಕೂ ಹರಡಬೇಕು: 24ರ ಸಂಜೆ ಬೇಯಿಸಿ, ಆರಿಸಿ, ಮುಚ್ಚಿಟ್ಟು ನಡುರಾತ್ರಿಯ ಪೂಜೆಗೆ ಹೋಗಿಬರುವಷ್ಟರಲ್ಲಿ, ಸುಮಾರು 900 ಮೀಟರಿನೆತ್ತರದ ಈ ಊರಿನ ಚಳಿಗೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಹಬ್ಬದ ಮಧ್ಯಾಹ್ನ ಅದು ಮತ್ತೆ ಮೆಲ್ಲನೆ ಕರಗುವ ಕಂಪಿಗಿಂತ ದೊಡ್ಡ ಆಡಂಬರ ನನಗೆ ಬೇಡ.

ಜೊತೆಗೆ ಸನ್ನ, ಎಂದರೆ ನಮ್ಮ ಕಡೆಯ ಹುದುಗಿಸಿದ ಇಡ್ಲಿ, ಬೇಕಲ್ಲವೇ ಎಂದು ಮಂಗಳೂರಿನ ಕಡೆಯವರು ಕೇಳುತ್ತಾರೆ. ಮಂಗಳೂರಿನ ಸೆಕೆಯಲ್ಲಿ ಶೇಂದಿ ಬೆರೆಸಿದೊಡನೆ ಉಕ್ಕುವ ಹಿಟ್ಟು ಇಲ್ಲಿಯ ಡಿಸೆಂಬರಿನಲ್ಲಿ ಮುದುಡಿ ಕೂರುತ್ತದೆ. ಅದನ್ನು ಹಠದಿಂದ ಎಬ್ಬಿಸಹೋಗುವುದು ಔಚಿತ್ಯವಲ್ಲ. ಹಾಸನ ಸೀಮೆಯ ಅಯ್ಯಂಗಾರರು ಬೆಂಗಳೂರಿನಲ್ಲಿ ನೆಲೆಗೊಳಿಸಿದ ಬೇಕರಿಯ ಬ್ರೆಡ್ಡು ಕೂಗಳತೆಯಲ್ಲಿರುವಾಗ, ಅದೂ ಹಾಸನದ ರೈಲುಹಾದಿ ಕವಲೊಡೆಯುವ ಈ ಊರಿನಲ್ಲಿ, ಬಫಾತಿನ ರಸವನ್ನು ಹೀರಲು ಬೇರೊಂದು ಆಧಾರವನ್ನು ನಾನು ಅರಸಲಾರೆ.

ಇದನ್ನು ಕೇಳಿ ಕೆರಳುವ ಮೂರನೆಯ ಪಂಥವೊಂದಿದೆ. ಬ್ರೆಡ್ಡು, ಕೇಕು, ವಿನೆಗರು ಎಲ್ಲವೂ ಪರಕೀಯ, ಕನ್ನಡ ನಾಡಿನ ಕ್ರೈಸ್ತನು ಸರಳವಾಗಿ ಉಣ್ಣುವುದಾದರೆ ಚಿತ್ರಾನ್ನ ಪಾಯಸಗಳಿಂದ ಹಬ್ಬ ಮಾಡಲಿ ಎನ್ನುವ ಈ ವಿದ್ವಾಂಸರ ದೇಶಾಭಿಮಾನವನ್ನು ಗೌರವಿಸುತ್ತೇನೆ. ಅವರ ಇತಿಹಾಸಜ್ಞಾನವನ್ನು ಗೌರವಿಸಲಾರೆ. ಚಿತ್ರಾನ್ನದ ಒಗ್ಗರಣೆಯಲ್ಲಿ ಸಿಡಿಯುವ ಮೆಣಸಿನಕಾಯಿ ಅಮೆರಿಕದಲ್ಲಿ ಹುಟ್ಟಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದರೊಳಗಿನ ಕಡಲೆಕಾಯಿಯ ಮೂಲವೂ ಅಮೆರಿಕವೇ. ಬಫಾತಿಗೆ ಕೆಂಪು ಕೊಟ್ಟದ್ದೂ ಅದೇ ಮೆಣಸು. ಒಂದನ್ನು ನಾಡಿನದೆಂದು ಮನ್ನಿಸಿ ಇನ್ನೊಂದನ್ನು ಹೊರಗಿನದೆಂದು ತಳ್ಳುವ ಈ ನ್ಯಾಯ ಯಾವ ಶಾಸ್ತ್ರದ್ದು? ಕೇಕಿನ ಮಾತೂ ಹಾಗೆಯೇ: 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ಕ್ರಿಸ್‌ಮಸ್ ಕೇಕು ಬೇಯಿಸಿದನೆಂಬ ಪ್ರಸಿದ್ಧ ವೃತ್ತಾಂತವನ್ನು ನಂಬುವುದಾದರೆ, ಒಂದು ಶತಮಾನಕ್ಕೂ ಮೀರಿ ನಮ್ಮ ಜನರ ಕೈಯಲ್ಲಿಯೇ ಬೆಂದ ಪದಾರ್ಥವನ್ನು ಇನ್ನೆಷ್ಟು ಕಾಲ ಅತಿಥಿಯೆಂದು ಬಾಗಿಲಲ್ಲಿ ನಿಲ್ಲಿಸುವುದು? ನಾನು ಕೇಕಿನ ಒಂದೇ ತುಂಡನ್ನು ಕೊಳ್ಳುತ್ತೇನೆ. ಅದು ಪರಕೀಯವೆಂದಲ್ಲ, ಒಂದು ತುಂಡಿನಲ್ಲಿ ಅದರ ಕೆಲಸ ಮುಗಿಯುತ್ತದೆಂದು.

ಒಬ್ಬನ ಹಬ್ಬಕ್ಕೆ ಎಟುಕದ್ದು ಏನೂ ಇಲ್ಲವೆಂದು ನಾನು ಹೇಳಲಾರೆ. ಕುಸ್ವಾರೆಂಬ ಹಬ್ಬದ ತಿಂಡಿಗಳಲ್ಲೊಂದಾದ ಕಿಡಿಯೊಗಳನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡುವ ಕೆಲಸಕ್ಕೆ ಹಲವು ಕೈ ಬೇಕು, ಹಲವು ಬಾಯ ಹರಟೆಯೂ ಬೇಕು. ಅದನ್ನು ಅಕ್ಕ ರಾತ್ರಿಯ ಬಸ್ಸಿಗೆ ಹಾಕಿ ಕಳುಹಿಸುವ ಡಬ್ಬಿಗೆ ಬಿಟ್ಟುಕೊಟ್ಟಿದ್ದೇನೆ.

26ರಂದು, ಸಂತ ಸ್ತೆಫನನ ದಿನ, ಪಾತ್ರೆಯ ತಳದಲ್ಲಿ ಉಳಿದ ಗಟ್ಟಿ ಮಸಾಲೆಗೆ ಬಿಸಿ ಅನ್ನ ಹಾಕಿ, ಪಾತ್ರೆಯಲ್ಲಿಯೇ ಕಲಸಿ ಉಣ್ಣುತ್ತೇನೆ. ಮೂರು ದಿನಗಳ ಆ ಪಾಕದಲ್ಲಿ ಇದರಷ್ಟು ರುಚಿಯಾದ ತುತ್ತು ಬೇರಿಲ್ಲ. ತುಂಬಿದ ಮನೆಯಲ್ಲಿದ್ದಾಗ ಇದು ನನ್ನ ಪಾಲಿಗೆ ಎಂದೂ ಬಂದಿರಲಿಲ್ಲ. ಪಂಕ್ತಿಯೆಲ್ಲ ಎದ್ದುಹೋದ ಮೇಲೆ, ಅಡುಗೆಮನೆಯಲ್ಲಿ, ಅದನ್ನು ಅಮ್ಮ ಒಬ್ಬರೇ ಕುಳಿತು ಉಣ್ಣುತ್ತಿದ್ದರು.