ದಾಂಪತ್ಯಚಿಕಿತ್ಸಕರ ಅಧಿಕಾರನಿಯಮಗಳು: ಒಂದು ವಿಮರ್ಶೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕರಿಗೆ ಲೈಸೆನ್ಸನ್ನು ವಿಧಿಸಿದ ಶಾಸನವು ಮೊತ್ತಮೊದಲು ಹುಟ್ಟಿದುದು ಕ್ಯಾಲಿಫೋರ್ನಿಯಾದಲ್ಲಿ, 1963ರಲ್ಲಿ. 2009ರ ವೇಳೆಗೆ ಐವತ್ತು ಸಂಸ್ಥಾನಗಳೂ ಅದೇ ಮಾರ್ಗವನ್ನು ಹಿಡಿದುವು. ಪ್ರಥಮವಾದ ಕಾರಣ ಕ್ಯಾಲಿಫೋರ್ನಿಯಾದ ನಿಯಮಗಳೇ ಇಲ್ಲಿ ಪರೀಕ್ಷಾರ್ಹವಾಗಿವೆ.

ಶಾಸನಕ್ಕೆ ಲಕ್ಷಣವಾಕ್ಯವೇ ಜೀವಾಳವಷ್ಟೆ. ಜನರ ಪರಸ್ಪರ ಸಂಬಂಧಗಳನ್ನು ಪರೀಕ್ಷಿಸಿ, ದಾಂಪತ್ಯದಲ್ಲಿಯೂ ಕುಟುಂಬದಲ್ಲಿಯೂ ಹೆಚ್ಚು ತೃಪ್ತಿಕರವಾದ ಹೊಂದಿಕೆಯನ್ನುಂಟುಮಾಡುವ ಸೇವೆ ಎಂಬ ತಾತ್ಪರ್ಯದ ಲಕ್ಷಣವು ಅಲ್ಲಿ ಬಹುಕಾಲ ನಡೆದುಬಂದಿತು. ತಾರ್ಕಿಕನು ಇದನ್ನು ಕಂಡೊಡನೆಯೇ ಅತಿವ್ಯಾಪ್ತಿಯನ್ನು ಹೇಳುವನು. ಜಗಳವಾಡಿದ ಗಂಡಹೆಂಡಿರನ್ನು ಕೂರಿಸಿಕೊಂಡು ಬುದ್ಧಿ ಹೇಳುವ ಸೋದರಮಾವನಿಗೂ ಈ ಲಕ್ಷಣವು ಸಲ್ಲುತ್ತದೆ! ದೋಷವು ಶಾಸನಕರ್ತರಿಗೆ ತೋರದೆ ಇರಲಿಲ್ಲ. ಪಾದ್ರಿ, ರಬ್ಬಿ ಮೊದಲಾದ ಮತಾಚಾರ್ಯರು ತಮ್ಮ ವೃತ್ತಿಯ ಅಂಗವಾಗಿ ಕೊಡುವ ಸಲಹೆಗೆ ಈ ಅಧ್ಯಾಯವು ಅನ್ವಯಿಸದೆಂದು ಅವರೇ ಅಪವಾದವನ್ನಿಟ್ಟರು. ವಕೀಲರಿಗೂ ವೈದ್ಯರಿಗೂ ಹಾಗೆಯೇ.

ಅಪವಾದದಿಂದ ಉತ್ಸರ್ಗವನ್ನು ಸಂಕೋಚಗೊಳಿಸುವುದು ಶಾಸ್ತ್ರಸಮ್ಮತವೇ ಸರಿ. ಆದರೆ ಈ ಅಪವಾದವು ಕರ್ತೃವನ್ನು ನೋಡಿತೇ ಹೊರತು ಕರ್ಮವನ್ನು ನೋಡಲಿಲ್ಲ. ಹೊಡೆತಕ್ಕೆ ಹೆದರಿ ಬಂದ ಹೆಂಗಸನ್ನು ಲೈಸೆನ್ಸುಳ್ಳವನು ವಿಚಾರಿಸದೆ ಗಂಡನ ಮನೆಗೆ ಮರಳಿ ಕಳುಹಿಸಿದರೆ, ಅಲ್ಲಿಯ ಮಂಡಲಿಯು ಅವನನ್ನು ಪ್ರಶ್ನಿಸಬಹುದು. ಅದೇ ಮಾತನ್ನು ಪಾದ್ರಿಯು ಆಡಿದಲ್ಲಿ ಮಂಡಲಿಗೆ ಅಧಿಕಾರವಿಲ್ಲ. ಮತದ ವಿಷಯದಲ್ಲಿ ರಾಜಶಾಸನವು ಕೈಹಾಕಬಾರದೆಂಬ ಪೂರ್ವಪಕ್ಷವು ಪ್ರಬಲವಾದುದೇ. ಆದರೂ ಆ ಹೆಂಗಸಿನ ಪಾಲಿಗೆ ಎರಡು ಸಲಹೆಗಳ ಫಲವೂ ಒಂದೇ.

ಇನ್ನು ಅಧಿಕಾರಿವಿಚಾರ. ಸ್ನಾತಕೋತ್ತರ ಪದವಿಯಲ್ಲದೆ, ಮೇಲ್ವಿಚಾರಕರ ಕೈಕೆಳಗೆ 104 ವಾರಗಳಿಗೆ ಕಡಮೆಯಿಲ್ಲದೆ 3000 ಗಂಟೆಗಳ ಅನುಭವವು ಅಲ್ಲಿ ಬೇಕು. ಇದು ಅಲ್ಪವಲ್ಲ. ಆದರೆ ಅದರೊಳಗೆ ದಂಪತಿಗಳು, ಕುಟುಂಬಗಳು, ಮಕ್ಕಳು ಇವರ ಚಿಕಿತ್ಸೆಗೆಂದು ಕಡ್ಡಾಯವಾದುದು 500 ಗಂಟೆ ಮಾತ್ರ. ಎಂದರೆ ಆರರಲ್ಲೊಂದು ಪಾಲು. ಹನ್ನೆರಡು ವರ್ಷ ಗುರುಕುಲದಲ್ಲಿದ್ದು ಎರಡೇ ವರ್ಷ ವ್ಯಾಕರಣವನ್ನೋದಿದವನಿಗೆ ವೈಯಾಕರಣನೆಂಬ ಬಿರುದನ್ನು ಕೊಟ್ಟಂತೆ ಇದಾಯಿತು. ಒಬ್ಬಂಟಿಗನ ದುಃಖವನ್ನು ಕೇಳುವ ವಿದ್ಯೆ ಬೇರೆ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಯಾರ ಪಕ್ಷವನ್ನೂ ವಹಿಸದೆ ನಡೆಯಿಸುವ ವಿದ್ಯೆ ಬೇರೆ. ಗಂಡನು ಮರೆಯಲ್ಲಿ ಹೇಳಿದ ರಹಸ್ಯವನ್ನು ಹೆಂಡತಿಯ ಮುಂದೆ ಏನು ಮಾಡಬೇಕೆಂಬುದು ಒಬ್ಬರೊಡನೆ ಕಳೆದ ಸಾವಿರ ಗಂಟೆಗಳಲ್ಲಿಯೂ ಎದುರಾಗದೆ ಇರಬಹುದು. 3000ವನ್ನು ಬೆಳೆಯಿಸುವುದು ಅನಾವಶ್ಯಕ. ಬೆಳೆಯಬೇಕಾದುದು ಆ 500.