ಆಯುಧಕ್ಕೆ ತೊಡಿಸಿದ ಅಲಂಕಾರ

ಅಲಂಕಾರವು ತಕ್ಕ ಎಡೆಯಲ್ಲಿದ್ದರೆ ಮಾತ್ರ ಶೋಭಿಸುವುದೆಂಬುದು 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ ಪ್ರತಿಪಾದಿಸಿದ ಮತ. ಕಾವ್ಯವನ್ನು ಕುರಿತು ಹೇಳಿದ ಈ ಮತವನ್ನು ಶಿಲ್ಪಕ್ಕೂ ಅನ್ವಯಿಸಲು ಅಡ್ಡಿಯಿಲ್ಲ. ಆದರೆ ಅಲಂಕಾರವನ್ನು ತೊಟ್ಟ ವಸ್ತುವು ಕೊಲ್ಲುವುದಕ್ಕೆಂದೇ ಹುಟ್ಟಿದ ಯಂತ್ರವಾದಲ್ಲಿ ಔಚಿತ್ಯದ ತೀರ್ಪು ಹೇಗಾಗಬೇಕು? ಅಮೆರಿಕಾ ದೇಶದ ಹಳೆಯ ಮಾದರಿಯ ರಿವಾಲ್ವರುಗಳನ್ನು, ಅವುಗಳಲ್ಲಿಯೂ ಕೆತ್ತನೆಯಿಂದ ಕೂಡಿದವುಗಳನ್ನು, ಬಹು ದ್ರವ್ಯವನ್ನು ವ್ಯಯಮಾಡಿ ಸಂಗ್ರಹಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಂಡಾಡುವ ರಸಿಕರುಂಟು. ಅವರ ರಸಿಕತೆಯನ್ನು ಹಳಿಯುವುದು ಸುಲಭ, ಪರೀಕ್ಷಿಸುವುದು ಮೇಲು.

ಈ ಜಾತಿಯ ಆಯುಧಗಳಲ್ಲಿ ಹೆಸರಾದುದು ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದ ಕೋಲ್ಟ್ ಕಾರ್ಖಾನೆಯಲ್ಲಿ ಸಿದ್ಧವಾಗಿ, 1873ರಲ್ಲಿ ಅಮೆರಿಕಾದ ಸೈನ್ಯವು ಅಂಗೀಕರಿಸಿದ ಆರು ಗುಂಡುಗಳ ರಿವಾಲ್ವರು. ಇದರ ಕುದುರೆಯನ್ನು ಪ್ರತಿಯೊಂದು ಸಲವೂ ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಬೇಕು. ಆಗ ಗುಂಡುಗಳಿರುವ ಉರುಳೆಯು ಒಂದು ಮನೆಯಷ್ಟು ತಿರುಗಿ ನಿಲ್ಲುವುದು. ಟ್ರಿಗರಿಗೆ ಉಳಿಯುವುದು ನಿಂತ ಕುದುರೆಯನ್ನು ಬಿಡಿಸುವ ಕ್ರಿಯೆಯೊಂದೇ. ಆದುದರಿಂದ ಇದು ಏಕಕ್ರಿಯೆಯ ರಿವಾಲ್ವರು. ಒಂದೊಂದು ಗುಂಡಿಗೂ ಒಂದೊಂದು ಸಂಕಲ್ಪ ಬೇಕೆಂಬುದು ಇದರ ರಚನೆಯಲ್ಲಿಯೇ ಅಡಗಿದೆ. ಇದರ ಹಿಡಿಯ ಬಾಗು ಬಹು ಸೊಗಸಾದುದು. ಅಮೆರಿಕದವರು ಅದನ್ನು ನೇಗಿಲ ಮೇಣಿಗೆ ಹೋಲಿಸುತ್ತಾರೆ. ಆಯುಧಕ್ಕೆ ಬಿದ್ದ ಅಡ್ಡಹೆಸರು ‘ಪೀಸ್‌ಮೇಕರ್’, ಎಂದರೆ ಶಾಂತಿಯನ್ನು ನೆಲೆಗೊಳಿಸುವವನು. ಉಳುವವನ ಹಿಡಿ, ಶಾಂತಿಯ ಹೆಸರು! ಕೆತ್ತನೆಗಾರನು ಚಾಣವನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲೇ ಮಾತು ಈ ಉಕ್ಕನ್ನು ಅಲಂಕರಿಸಿಬಿಟ್ಟಿದೆ.

ಇದಕ್ಕಿಂತ ಹಿಂದಿನದಾದ 1851ರ ‘ನೇವಿ’ ಮಾದರಿಯಲ್ಲಿ ಅಲಂಕಾರದ ಬಗೆಯೇ ಬೇರೆ. ಅದರ ಉರುಳೆಯ ಸುತ್ತಲೂ ಹಡಗುಗಳ ಕದನವೊಂದು ಮೂಡಿದೆ. ಅದು 1843ರ ಮೇ 16ರಂದು ಕಾಂಪೆಚೆಯ ಬಳಿ ಟೆಕ್ಸಾಸಿನ ನೌಕಾದಳಕ್ಕೂ ಮೆಕ್ಸಿಕೋದ ನೌಕಾದಳಕ್ಕೂ ನಡೆದ ಯುದ್ಧ. ಬ್ಯಾಂಕು ನೋಟುಗಳ ಚಿತ್ರಗಳನ್ನು ಕೊರೆಯುತ್ತಿದ್ದ ಆರ್ಮ್ಸ್‌ಬಿ ಎಂಬವನು ಇದರ ಅಚ್ಚನ್ನು ಕೊರೆದನು. ಅದನ್ನು ಉರುಳೆಯ ಮೇಲೆ ಒತ್ತಿ ಹೊರಳಿಸಿ, ಒಂದೇ ಚಿತ್ರವನ್ನು ಎರಡು ಲಕ್ಷಕ್ಕೂ ಮೇಲ್ಪಟ್ಟ ಆಯುಧಗಳಿಗೆ ಇಳಿಸಿದರು. ಅಚ್ಚೊತ್ತಿದ ಕೆಲಸದಲ್ಲಿ ಕೈಯ ಜೀವವನ್ನು ಕಾಣಲಾಗದು. ಆದರೂ ಯುದ್ಧಸಾಧನದ ಮೇಲೆ ಯುದ್ಧವನ್ನೇ ಚಿತ್ರಿಸಿರುವುದರಿಂದ ಅಲಂಕಾರ್ಯಕ್ಕೂ ಅಲಂಕಾರಕ್ಕೂ ಇಲ್ಲಿ ವಿರೋಧವಿಲ್ಲ. ಹಿಡಿದವನು ತನ್ನ ಕೈಯಲ್ಲಿರುವುದೇನೆಂಬುದನ್ನು ಮರೆಯುವಂತಿಲ್ಲ.

1873ರ ಮಾದರಿಯ ಉರುಳೆಯು ಚಿತ್ರವಿಲ್ಲದೆ ಬರಿದಾಗಿ ಹೊರಬಂದಿತು. ಹೆಚ್ಚು ಹಣ ತೆತ್ತವರಿಗೆ ಮಾತ್ರ ಕೈಕೆತ್ತನೆ ದೊರೆಯುತ್ತಿತ್ತು. ಹಾರ್ಟ್‌ಫರ್ಡಿನಲ್ಲಿ ಕೂನೋ ಹೆಲ್ಫ್ರಿಕ್ಟನೂ ನ್ಯೂಯಾರ್ಕಿನಲ್ಲಿ ನಿಮ್ಶ್ಕೆಯೂ ಈ ಕೆಲಸದಲ್ಲಿ ಹೆಸರಾದರು. ಬಿಸಿಯಿಟ್ಟು ಗಡಸುಮಾಡುವುದಕ್ಕೆ ಮುಂಚೆ, ಉಕ್ಕು ಇನ್ನೂ ಮೆದುವಾಗಿರುವಾಗಲೇ, ಚಾಣದಿಂದ ಬಳ್ಳಿಗಳ ಸುರುಳಿಯನ್ನು ಕಂಡರಿಸುತ್ತಿದ್ದರು. ರೇಖೆಯು ಸಣ್ಣದಾಗಿ ಮೊದಲಾಗಿ, ತಿರುವಿನಲ್ಲಿ ತುಂಬಿ, ತುದಿಯಲ್ಲಿ ಮತ್ತೆ ಕ್ಷೀಣಿಸುವುದು. ಆಯುಧವನ್ನು ತಿರುಗಿಸಿದಂತೆ ಬೆಳಕು ಆ ಬಳ್ಳಿಯ ಮೇಲೆ ಹರಿಯುವುದು. ಈಗ ಇಟಲಿಯ ಗಾರ್ಡೋನೆ ವಾಲ್ ಟ್ರೋಂಪಿಯಾದಲ್ಲಿ ತಯಾರಾಗುವ ಪ್ರತಿಕೃತಿಗಳಲ್ಲಿ ಕೆಲವಕ್ಕೆ ಲೇಸರ್ ಯಂತ್ರದಿಂದ ಬಳ್ಳಿಯನ್ನು ಬರೆಯುತ್ತಾರೆ. ಆ ಬಳ್ಳಿಯಲ್ಲಿ ತಪ್ಪಿಲ್ಲ, ತುಂಬುವ ತಿರುವೂ ಇಲ್ಲ. ಈ ತಾರತಮ್ಯವನ್ನು ಗುರುತಿಸುವ ಸಂಗ್ರಾಹಕನ ಕಣ್ಣು ನಿಜವಾಗಿಯೂ ಪಳಗಿದ ಕಣ್ಣು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ನಿಮ್ಶ್ಕೆಯು (1832–1904) ತನ್ನ ಕೆತ್ತನೆಗಳಿಗೆ ಮಸಿ ತುಂಬಿ ಕಾಗದಕ್ಕೆ ಪಡಿಯಚ್ಚು ಇಳಿಸಿ ಕೂಡಿಸಿಟ್ಟಿದ್ದನು. ಆ ಸಂಗ್ರಹವು 1965ರಲ್ಲಿ ಪುಸ್ತಕರೂಪವಾಗಿ ಪ್ರಕಟವಾಯಿತು. ಆ ಅಚ್ಚುಗಳಲ್ಲಿ ಉಕ್ಕಿಲ್ಲ, ಮದ್ದಿಲ್ಲ. ಬಳ್ಳಿ ಮಾತ್ರ ಉಂಟು. ಅಲ್ಲಿ ಅದು ನಿರ್ದುಷ್ಟವಾದ ಸೌಂದರ್ಯ. ರಸಿಕರ ಪ್ರಮಾದವಿರುವುದು ಉಕ್ಕನ್ನೂ ಈ ಕಾಗದದಂತೆಯೇ ಓದುವುದರಲ್ಲಿ.

ಇದಕ್ಕೆ ನಿದರ್ಶನವಾಗಿ ಮುಂದೆ ಎರಡನೆಯ ಮಹಾಯುದ್ಧದಲ್ಲಿ ಸೇನಾಪತಿಯಾಗಿ ಪ್ರಸಿದ್ಧನಾದ ಜಾರ್ಜ್ ಪ್ಯಾಟನ್ನನ ರಿವಾಲ್ವರನ್ನು ನೋಡಬಹುದು. 1916ರಲ್ಲಿ ಕೊಂಡ ಈ ಏಕಕ್ರಿಯೆಯ ಕೋಲ್ಟಿಗೆ ಬೆಳ್ಳಿಯ ಲೇಪ, ಮೈತುಂಬ ಬಳ್ಳಿಯ ಕೆತ್ತನೆ, ಆನೆದಂತದ ಹಿಡಿ. ಅದೇ ವರ್ಷದ ಮೇ 14ರಂದು ಮೆಕ್ಸಿಕೋದ ಒಂದು ಹಳ್ಳಿಗಾಡಿನ ಮನೆಯ ಬಳಿ ನಡೆದ ಕಾಳಗದಲ್ಲಿ ವಿಯ್ಯನ ಕಡೆಯವರು ಮಡಿದ ಮೇಲೆ, ಆ ದಂತದ ಹಿಡಿಯ ಮೇಲೆ ಎರಡು ಕಚ್ಚುಗಳು ಬಿದ್ದವು. ಕೆತ್ತನೆಯ ದೃಷ್ಟಿಯಿಂದ ಕಚ್ಚುಗಳು ಒರಟು. ನುಣುಪಾದ ದಂತಕ್ಕೆ ಆದ ಗಾಯಗಳು. ಅರ್ಥದ ದೃಷ್ಟಿಯಿಂದಲಾದರೋ, ಆ ಆಯುಧದ ಮೇಲೆ ಅದರ ಕಾರ್ಯವನ್ನು ಹೇಳುವ ಗುರುತುಗಳು ಅವೆರಡೇ. ಆದರೆ ಅವುಗಳ ಮಾತೂ ಅರ್ಧವೇ ಸರಿ: ಅವು ಲೆಕ್ಕವನ್ನು ಹೇಳುತ್ತವೆ, ಸತ್ತವರ ಹೆಸರನ್ನು ಹೇಳುವುದಿಲ್ಲ. ಬಳ್ಳಿಯು ಮರೆಸುತ್ತದೆ, ಕಚ್ಚು ಬೀಗುತ್ತದೆ. ಮರುಗುವ ಗುರುತು ಆ ರಿವಾಲ್ವರಿನ ಮೇಲೆ ಎಲ್ಲಿಯೂ ಇಲ್ಲ.

ಉಕ್ಕಿನ ಮೇಲೆ ಇಲ್ಲದ ಈ ಭಾವವನ್ನು ನೋಡುವವನೇ ತರಬೇಕು. ಕೆತ್ತನೆಗಾರನ ಕೈಚಳಕವನ್ನು ಮನಸಾರೆ ಹೊಗಳಲಿ. ಹೊಗಳುವಾಗ ಬಳ್ಳಿಯ ಕೆಳಗಿರುವ ನಳಿಕೆಯು ಯಾರ ಎದೆಗೆ ಗುರಿಯಾಗಿತ್ತೆಂಬುದನ್ನೂ ನೆನೆಯಲಿ. ಹೀಗೆ ನೆನೆದು ಮೆಚ್ಚುವವನಲ್ಲಿ ಆ ಅಲಂಕಾರಕ್ಕೆ ಔಚಿತ್ಯವು ಒದಗುವುದು.