ಆತಕೂರಿನ ನಾಯಿ ಮತ್ತು ವಿದ್ವಾಂಸರ ಅಡಿಟಿಪ್ಪಣಿ

ಆತಕೂರು ಶಾಸನದ ಬಗ್ಗೆ ಓದೋಕೆ ಹೊರಟರೆ ಸಾಮಾನ್ಯವಾಗಿ ಎರಡು ಜಾತಿಯ ಬರಹ ಸಿಗುತ್ತವೆ. ಒಂದು ವಿದ್ವತ್ ಲೇಖನ. ಶಕ 872, ಸೌಮ್ಯ ಸಂವತ್ಸರ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣ, ಗಂಗ ಇಮ್ಮಡಿ ಬೂತುಗ, ತಕ್ಕೋಲದ ಯುದ್ಧ, ಚೋಳ ರಾಜಾದಿತ್ಯನ ಮರಣ, ಆಮೇಲೆ ಉದ್ದಕ್ಕೆ ಕಾಲನಿರ್ಣಯದ ಚರ್ಚೆ. ನಾಯಿ ಬರೋದು ಕೊನೆಯ ಪ್ಯಾರಾದಲ್ಲಿ, ಅದೂ 'ಇದಲ್ಲದೆ' ಅಂತ ಶುರುವಾಗುವ ವಾಕ್ಯದಲ್ಲಿ. ಇನ್ನೊಂದು ವಾಟ್ಸಾಪ್ ಬರಹ. ಅಲ್ಲಿ ನಾಯಿ ಬಿಟ್ಟರೆ ಬೇರೇನೂ ಇಲ್ಲ. 'ಜಗತ್ತಿನಲ್ಲೇ ಮೊದಲು' ಅನ್ನೋ ಮಾತು, ಕೈಮುಗಿದ ಇಮೋಜಿ, ಅಷ್ಟೇ.

ಎರಡನೆಯದನ್ನು ಬೈಯೋದು ಸುಲಭ. ನನ್ನ ತಕರಾರು ಮೊದಲನೆಯದರ ಮೇಲೆ, ಯಾಕಂದ್ರೆ ವಾಟ್ಸಾಪಿಗೆ ಜಾಗ ಬಿಟ್ಟುಕೊಟ್ಟದ್ದೇ ಅದು.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಯುದ್ಧದಲ್ಲಿ ಮುಂದೆ ನಿಂತು ಕಾದಿದ ಮಣಲೆರನಿಗೆ ಒಡೆಯ ಮೆಚ್ಚಿ 'ಬೇಡಿಕೋ' ಅಂದ. ಮಣಲೆರ ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿ ಪಡೆದ. ಆಮೇಲೆ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಅದಕ್ಕೆ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ನಾಯಿ ಹಂದಿ ಕಾದಾಡುವ ಶಿಲ್ಪದ ಸಮೇತ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ಚೆನ್ನಾಗಿರೋ ಕಥೆ ಇದ್ದರೆ ವಿದ್ವಾಂಸರಿಗೆ ಸಿಗೋ ಉಪದೇಶ ಒಂದೇ: ಸರಳವಾಗಿ ಬರೀರಿ, ಅಡಿಟಿಪ್ಪಣಿ ತೆಗೀರಿ, ಚರ್ಚೆ ಬಿಡಿ, ಕಥೆ ಹೇಳಿ. ಈ ಉಪದೇಶವೇ ತಪ್ಪು ಅಂತ ನನ್ನ ವಾದ. ಅಡಿಟಿಪ್ಪಣಿಯಲ್ಲಿ ಬಚ್ಚಿಟ್ಟಿರೋದೇ ಎಷ್ಟೋ ಸಲ ಒಳ್ಳೆಯ ಕಥೆ.

'ಬಿಸುಗೆ' ಅನ್ನೋ ಪದವನ್ನೇ ನೋಡಿ. ಬೂತುಗ ಬಿಸುಗೆಯನ್ನೇ ರಣರಂಗ ಮಾಡಿಕೊಂಡು ರಾಜಾದಿತ್ಯನನ್ನು ಇರಿದು ಕೊಂದ ಅನ್ನುತ್ತೆ ಶಾಸನ. ಬಿಸುಗೆ ಅಂದರೇನು? ನನ್ನಂಥ ಇಂಜಿನಿಯರಿಗೆ ಮೊದಲು ನೆನಪಾಗೋದು ಬೆಸುಗೆ, ತವರದ ಸರಿಗೆ, ಕಾದ ಕಬ್ಬಿಣ. ಹಾಗೆ 'ಕೂಡುವುದು, ಅಪ್ಪುಗೆ' ಅಂತ ಅರ್ಥ ಹಿಡಿದರೆ ಬೂತುಗ ಸ್ನೇಹದಿಂದ ತಬ್ಬಿಕೊಂಡು ಚೂರಿ ಹಾಕಿದ ದ್ರೋಹಿ. ಮೊದಮೊದಲ ಇಂಗ್ಲಿಷ್ ಅನುವಾದ ದ್ರೋಹದ ಕಡೆಗೇ ವಾಲಿತ್ತು. ಬಿಸುಗೆ ಅಂದರೆ ಆನೆಯ ಮೇಲಿನ ಅಂಬಾರಿ ಅಂತ ಆಮೇಲೆ ಗೊತ್ತಾಯಿತು. ಆಗ ಅದೇ ಬೂತುಗ ಎದುರಾಳಿಯ ಆನೆ ಹತ್ತಿ ಅಂಬಾರಿಯಲ್ಲೇ ಕಾದಿದ ವೀರ! ಚೋಳರ ಕಡೆಯ ದಾಖಲೆಯೂ ಆನೆಯನ್ನು ಒಪ್ಪುತ್ತೆ. ಲೈಡನ್ ತಾಮ್ರಪಟದ ಪ್ರಕಾರ ರಾಜಾದಿತ್ಯ ಸತ್ತದ್ದು ಆನೆಯ ಮೇಲೆಯೇ, ಆದರೆ ಕೊಂದದ್ದು ಕೃಷ್ಣರಾಜನ ಬಾಣ. ಬೂತುಗನ ಹೆಸರೇ ಇಲ್ಲ. ಸೋತವರು ತಮ್ಮ ರಾಜಕುಮಾರನ ಸಾವನ್ನು ಸಾಮಂತನ ಕೈಗೆ ಕೊಡಲಿಲ್ಲ ಅಂತ ನನಗನ್ನಿಸುತ್ತೆ.

ಒಂದು ಪದಕ್ಕೆ ಒಬ್ಬ ಮನುಷ್ಯನ ಮರ್ಯಾದೆ ತೂಗಿಹಾಕಿಕೊಂಡಿದೆ. ಇದನ್ನು ಓದೋಕೆ ಯಾರಿಗೆ ಬೇಸರ? ಆದರೆ ವಿದ್ವತ್ ಲೇಖನದಲ್ಲಿ ಇದು 'ಪಾಠದ ಈ ಭಾಗದ ಅರ್ಥ ಚರ್ಚಾಸ್ಪದ' ಅನ್ನೋ ಒಂದು ಸಾಲು. ಅದೇ ವಿದ್ವಾಂಸರು ಪತ್ರಿಕೆಗೆ ಬರೆಯುವಾಗ ಆ ಸಾಲನ್ನೂ ತೆಗೆದುಬಿಡ್ತಾರೆ, ಓದುಗರಿಗೆ ಕಷ್ಟ ಆಗುತ್ತೆ ಅಂತ.

ಇಸವಿಯದೂ ಇದೇ ಪಾಡು. ಕ್ರಿ.ಶ. 949-50 ಅಂತ ಬರೀತಾರೆ, ನಡುವಿನ ಗೆರೆ ಯಾಕೆ ಅಂತ ಹೇಳಲ್ಲ. ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಾಕುವ ವರ್ಷ ಎರಡು ಇಂಗ್ಲಿಷ್ ವರ್ಷಗಳ ಮೇಲೆ ಕಾಲು ಚಾಚುತ್ತೆ, ಅಷ್ಟೇ ವಿಷಯ. ಒಂದು ವಾಕ್ಯದ ಕೆಲಸ. ಹೇಳದಿದ್ದರೆ 'ಇವರಿಗೇ ಸರಿಯಾಗಿ ಗೊತ್ತಿಲ್ಲ' ಅಂತ ಓದುಗ ಅಂದುಕೊಳ್ತಾನೆ.

ಕನ್ನಡದಲ್ಲಿ ಇದು ಆಗದ ಕೆಲಸವೇನಲ್ಲ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಪಿಎಚ್.ಡಿ. ಪ್ರಬಂಧ. ಆದರೂ ಜೋಳವಾಳಿ, ವೇಳೆವಾಳಿ ಅಂದರೆ ಏನು ಅಂತ ನನ್ನಂಥ ಹೊರಗಿನವನಿಗೂ ತಿಳೀತು. ಅವರು ಆಧಾರ ಕೈಬಿಟ್ಟು ಸರಳ ಮಾಡಲಿಲ್ಲ. ಅನ್ನದ ಋಣಕ್ಕೆ ಪ್ರಾಣ ಕೊಟ್ಟವನ ಕಲ್ಲನ್ನೇ ಮುಂದಿಟ್ಟು ಪದ ಬಿಡಿಸಿದರು.

ಆತಕೂರಿನ ಕಲ್ಲಿನಲ್ಲಿ ಇನ್ನೊಂದು ಸಾಲಿದೆ: ಈ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ಅವನಿಗೆ ಪಾಪ. ಗೊರವ ಅಂದರೆ ಶೈವ ಸನ್ಯಾಸಿ. ಪದ ಸತ್ತಿಲ್ಲ, ಮೈಲಾರದ ಗೊರವಯ್ಯನ ಕಾರಣಿಕ ಪ್ರತಿ ವರ್ಷ ಪೇಪರಲ್ಲಿ ಬರುತ್ತೆ. ನಾಯಿಯ ಕಲ್ಲಿಗೆ ಪೂಜೆ ಮಾಡಿಯೇ ಊಟಕ್ಕೆ ಕೂರಬೇಕಾಗಿದ್ದ ಆ ಗೊರವನಿಂದ ಶುರುವಾಗುವ ಲೇಖನವನ್ನು ನಾನಿನ್ನೂ ಓದಿಲ್ಲ. ಹಳಗನ್ನಡ ಬಲ್ಲವರು ಯಾರಾದರೂ ಬರೆಯಿರಿ, ಅಡಿಟಿಪ್ಪಣಿ ಸಮೇತ.